ಉಂಗುರ ನಿಂತರೆ ಕವಲು

ಬೇಟೆಕಾಡಿನ ಬಾಯಲ್ಲಿ, ಜಲ್ಲಿ ಹರಡಿದ ಜಾಗದಲ್ಲಿ, ಭಾಮೈದ ವೇಡನ ಹಸಿರು ಪಿಕಪ್ ತನಗಿಂತ ಮೊದಲೇ ಬಂದು ನಿಂತಿದ್ದನ್ನು ಕಂಡಾಗ ಎಲ್ಡನ್ ಹುದಾಕನಿಗೆ ಆಶ್ಚರ್ಯವಾಗಲಿಲ್ಲ. ಆಗಲಿಲ್ಲವಲ್ಲ ಎಂಬುದೇ ಅವನನ್ನು ಕೆರಳಿಸಿತು. ಇನ್ನೂ ಬೆಳಕು ಹರಿದಿರಲಿಲ್ಲ. ತನ್ನ ಗಾಡಿಯ ದೀಪ ಆರಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ವೇಡನ ಪಿಕಪ್ಪಿನ ಬಾನೆಟ್ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಅಂದರೆ ಈಗ ತಾನೇ ಬಂದಿದ್ದಾನೆ. ಅಂದರೆ ತಾನು ಯಾವಾಗ ಮನೆ ಬಿಡುತ್ತೇನೆಂಬುದು ಅವನಿಗೆ ಗೊತ್ತಿತ್ತು. ಇದು ರಾಜ್ಯದ ಕಾಡು, ಯಾರಪ್ಪನ ಸ್ವತ್ತೂ ಅಲ್ಲ, ಜೇಬಿನಲ್ಲಿ ಲೈಸೆನ್ಸ್ ಇದ್ದವನು ಯಾವ ಮರ ಬೇಕಾದರೂ ಹತ್ತಬಹುದು. ಆದರೆ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಇಷ್ಟೊಂದು ಗುಡ್ಡಗಳಿರುವಾಗ ಅವನಿಗೆ ಈ ಗುಡ್ಡವೇ ಏಕೆ ಬೇಕಾಯಿತು? ಇಲ್ಲಿಗೆ ಬರುತ್ತೇನೆಂದು ಎಲ್ಡನ್ ಹೇಳಿದ್ದು ಹೆಂಡತಿ ಲೊರೇನಳಿಗೆ ಮಾತ್ರ, ಅದೂ ರಾತ್ರಿ ಊಟದ ತಟ್ಟೆ ತೊಳೆಯುತ್ತ, ಕೇಳಿಸಿದರೆ ಕೇಳಿಸಲಿ ಎಂಬಂತೆ. ಅವಳಿಗೆ ಕೇಳಿಸಿತ್ತು ಎಂದಾಯಿತು.

ಬಿಲ್ಲನ್ನು ಹೆಗಲಿಗೇರಿಸಿ ಅವನು ಏರು ಹತ್ತತೊಡಗಿದ. ಚೀಲದಲ್ಲಿ ಲೊರೇನ್ ಕಟ್ಟಿಕೊಟ್ಟ ಬ್ರೆಡ್ಡು, ಹೊಗೆಯಲ್ಲಿಟ್ಟ ಕೊಲ್ಬಾಸಿ ಸಾಸೇಜಿನ ತುಂಡುಗಳು. ಬೆಳಿಗ್ಗೆ ಅವಳು ಅದನ್ನು ಕಾಗದದಲ್ಲಿ ಸುತ್ತುವಾಗ ಅವನು ಅವಳ ಬೆರಳನ್ನೇ ನೋಡುತ್ತಿದ್ದ. ಬರಿಬೆರಳು. ಉಂಗುರ ಇದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡು ಸಣ್ಣ ಬಳೆಯ ಹಾಗೆ ಗುರುತು ಬಿದ್ದಿತ್ತು, ಈಗ ಅದೂ ಅಳಿಸಿಹೋಗಿದೆ. ಮೊದಲ ಸಲ ಕೇಳಿದಾಗ ಬೆರಳು ಊದಿದೆ ಎಂದಿದ್ದಳು. ಆಮೇಲೆ ಹಿಟ್ಟು ನಾದುವಾಗ ಮೆತ್ತಿಕೊಳ್ಳುತ್ತದೆ ಎಂದಳು. ಗುರುವಾರಗಳಂದು ಅವಳು ಚರ್ಚಿನ ನೆಲಮಾಳಿಗೆಯಲ್ಲಿ ಉಳಿದ ಹೆಂಗಸರ ಜೊತೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಡಿಸಲು ಹೋಗುತ್ತಾಳೆ. ಹೆಂಗಸರ ಜೊತೆ ಎಂಬುದು ಅವಳ ಮಾತು. ಒಂದು ಗುರುವಾರ ಅವನು ಕೆಲಸದಿಂದ ಬೇಗ ಹೊರಟು ಚರ್ಚಿನ ಎದುರು ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಹೆಂಗಸರೇ ಬಂದರು, ಹೆಂಗಸರೇ ಹೋದರು, ಕೊನೆಗೆ ಬೆಳ್ಳುಳ್ಳಿ ವಾಸನೆಯ ಪಾದ್ರಿಯೊಬ್ಬ ಬಂದು ಕಿಟಕಿ ತಟ್ಟಿ "ಏನು ಎಲ್ಡನ್, ಒಳಗೆ ಬರೋಕೆ ನಾಚಿಕೇನಾ?" ಎಂದು ಕೇಳಿದ. ಆ ಪ್ರಶ್ನೆ ಮಾಮೂಲಿಯದೋ, ಪಾದ್ರಿಗೂ ಏನಾದರೂ ಗೊತ್ತೋ ಎಂದು ಅವನು ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅವನಿಗೂ ಗೊತ್ತಿತ್ತು. ಆದರೆ ಹಳದಿಯದು ಹಳದಿಯಾಗಿಯೂ ಇರಬಹುದಲ್ಲ!

ಅಟ್ಟಣಿಗೆ ಕಟ್ಟಿದ ಮರ ಒಂದು ಮುದಿ ಓಕ್. ಹತ್ತಿ ಕೂತು, ಸೊಂಟದ ಪಟ್ಟಿ ಬಿಗಿದುಕೊಂಡು, ಬಿಲ್ಲನ್ನು ಹಗ್ಗದಿಂದ ಮೇಲೆಳೆದುಕೊಂಡ. ಎರಡು ವರ್ಷದ ಮೇಲೆ ಮೊದಲ ಸಲ. ನಡುವಿನ ಒಂದು ವರ್ಷ ಅವನಿಗೆ ಲೈಸೆನ್ಸೇ ಇರಲಿಲ್ಲ. ಇದು ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಕೊಳವೆ ಕಾರ್ಖಾನೆಯಲ್ಲಿ ಅವನದು ಅಳೆಯುವ ಕೆಲಸ. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಕೊಳವೆಗೆ ಕೆಂಪು ಸೀಮೆಸುಣ್ಣದಲ್ಲಿ ಗೀಟು ಹಾಕಿ ಪಕ್ಕಕ್ಕೆ ತಳ್ಳಿಸುವವನು. ಅಂಥವನು ಜಿಂಕೆಯ ಕೊಂಬಿನ ಅಳತೆಯಲ್ಲಿ ಸಿಕ್ಕಿಬಿದ್ದನಲ್ಲ ಎಂದು ಜನ ಬಾಯಿ ಚಪ್ಪರಿಸಿದರು. ನಿಯಮವೇನೋ ಸರಳ. ಗಂಡು ಜಿಂಕೆಯ ಒಂದು ಬದಿಯ ಕೊಂಬಿನಲ್ಲಾದರೂ ಮೂರು ಕವಲಿರಬೇಕು. ಕೊಂಬಿನ ತುದಿಯೂ ಒಂದು ಕವಲೇ. ಆದರೆ ಕಣ್ಣಿನ ಮೇಲೆ ಬುಡದಲ್ಲೇ ಏಳುತ್ತದಲ್ಲ, ಹುಬ್ಬುಗವಲು, ಅದನ್ನು ಎಣಿಸಕೂಡದು. ಒಂದೊಂದು ಕವಲೂ ಒಂದಿಂಚಿಗೆ ಕಮ್ಮಿ ಇರಕೂಡದು. ಹಿರಿಯರ ಕಾಲದಲ್ಲಿ ಇಂಚುಪಟ್ಟಿ ಯಾರು ಹೊತ್ತು ತಿರುಗುತ್ತಿದ್ದರು? ಬೆರಳಿನ ಉಂಗುರ ತೆಗೆದು ಕವಲಿನ ಮೇಲೆ ತೂಗುಹಾಕುತ್ತಿದ್ದರು. ಉಂಗುರ ನಿಂತರೆ ಕವಲು, ಜಾರಿದರೆ ಗಂಟು. ಎಲ್ಡನ್‌ನ ಅಪ್ಪ ಇದನ್ನು ಹೇಳುವಾಗ ಪ್ರಾರ್ಥನೆಯ ದನಿಯಲ್ಲಿ ಹೇಳುತ್ತಿದ್ದ. ಆಚೆ ವರ್ಷ ಎಲ್ಡನ್ ಹೊಡೆದ ಜಿಂಕೆಯ ಮೂರನೇ ಕವಲಿನ ಮೇಲೂ ಉಂಗುರ ನಿಂತಿತ್ತು. ಮಾರನೇ ದಿನ ಬೇಟೆ ಇಲಾಖೆಯ ವಾರ್ಡನ್ ಬಂದ. ಯಾರೋ ಫೋನ್ ಮಾಡಿದ್ದರಂತೆ. ಪಟ್ಟಿ ಹಿಡಿದು ಅಳೆದ, ಒಂದಿಂಚಿಗೆ ಕಮ್ಮಿ ಬಂತು, ಪಕ್ಕದ ಮನೆಯವರು ಬೇಲಿಯ ಮೇಲೆ ಮೊಣಕೈ ಊರಿಕೊಂಡು ನೋಡುತ್ತಿದ್ದರು. ಉಂಗುರ ನಿಂತಿತು ಸ್ವಾಮಿ ಎಂದ ಎಲ್ಡನ್. "ಯಾರ ಉಂಗುರ?" ಎಂದು ಕೇಳಿ ವಾರ್ಡನ್ ನಕ್ಕ.

ಆ ನಗುವನ್ನು ಎಲ್ಡನ್ ಇಂದಿಗೂ ಅರಗಿಸಿಕೊಂಡಿರಲಿಲ್ಲ. ದಂಡ ಕಟ್ಟಿದ್ದು ಮರೆತಿತ್ತು, ಲೈಸೆನ್ಸ್ ಹೋದದ್ದು ಕೂಡ ಒಂದು ಬಗೆಯಲ್ಲಿ ಒಗ್ಗಿಹೋಗಿತ್ತು. ಅಗ್ನಿಶಾಮಕದವರ ಹಾಲ್‌ನಲ್ಲಿ ಶುಕ್ರವಾರದ ಮೀನೂಟಕ್ಕೆ ಹೋದರೆ ಮಾತ್ರ ಬಿಯರು ಸುರಿಯುವವನಿಂದ ಹಿಡಿದು ಎಲ್ಲರೂ ಅವನನ್ನು 'ಹುಬ್ಬು' ಎಂದು ಕರೆಯತೊಡಗಿದ್ದರು. ಹುಬ್ಬುಗವಲನ್ನೂ ಸೇರಿಸಿ ಎಣಿಸಿದ ಎಂದು ಕತೆ ಹಬ್ಬಿತ್ತು. ಅದು ಸುಳ್ಳು. ಅವನು ಹುಬ್ಬನ್ನು ಎಣಿಸಿರಲಿಲ್ಲ. ಆದರೆ ನಿಜ ಹೇಳಹೋದರೆ ಅದು ಇನ್ನೂ ಹೇಸಿಗೆಯದು, ಆದ್ದರಿಂದ ಅವನು ಹುಬ್ಬಾಗಿಯೇ ಉಳಿದ. "ಏನ್ ಹುಬ್ಬು, ಮೀನಿಗೆ ಎಷ್ಟು ಕವಲು?" ಎಂದಾಗ ಎಲ್ಲರೊಂದಿಗೆ ತಾನೂ ನಕ್ಕು, ನಗುತ್ತಲೇ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಫೋನ್ ಮಾಡಿದ್ದು ಯಾರು? ವಾರ್ಡನ್ ಬರುವ ಮೊದಲು ಆ ಜಿಂಕೆಯನ್ನು ಕಂಡವನು ವೇಡ್ ಒಬ್ಬನೇ. ಗ್ಯಾರೇಜಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಅದರ ಸುತ್ತ ಒಂದು ಸುತ್ತು ಬಂದು, ಕೊಂಬಿನ ಹತ್ತಿರ ಬಗ್ಗಿ, ಒಂದು ಮಾತೂ ಆಡದೆ ಸಿಳ್ಳೆ ಹಾಕಿಕೊಂಡು ಹೋಗಿದ್ದ. ಒಂದು ಮಾತಾಡಿದ್ದರೆ ಎಲ್ಡನ್‌ಗೆ ಅಷ್ಟು ಅನುಮಾನ ಬರುತ್ತಿರಲಿಲ್ಲ.

ಬೆಳಕು ಎಲೆಗಳ ನಡುವೆ ಸೋರತೊಡಗಿತು. ಅಕ್ಟೋಬರಿನ ಮೇಪಲ್ ಎಲೆಗಳು ನೆಲದ ತುಂಬ ಕೆಂಪಗೆ ಬಿದ್ದಿದ್ದವು. ಕೆಳಗಿನ ಕೊರಕಲಿನ ಆಚೆ ಒಂದು ಕಡ್ಡಿ ಮುರಿಯಿತು, ಮನುಷ್ಯನ ಕಾಲಿನ ಕೆಳಗೆ ಮುರಿಯುವ ಹಾಗೆ. ವೇಡ್. ಅವನೇ. ಗಾಳಿಯಲ್ಲಿ ತನ್ನ ವಾಸನೆ ಬಿಟ್ಟು ಬೇಟೆ ಕೆಡಿಸಲು ಬಂದಿದ್ದಾನೆ, ಇಲ್ಲವೇ ನೋಡಿಕೊಂಡು ಹೋಗಲು ಬಂದಿದ್ದಾನೆ. ಎಲ್ಡನ್ ಆ ಕಡೆ ಕಣ್ಣು ನೆಟ್ಟು ಕೂತಿದ್ದರಿಂದಲೇ ಎಡಗಡೆಯಿಂದ ಬಂದ ಜಿಂಕೆಯನ್ನು ಮೊದಲು ಕಾಣಲಿಲ್ಲ. ಕಂಡಾಗ ಅದು ಓಕ್ ಕಾಯಿ ಮೇಯುತ್ತ ನಿಂತಿತ್ತು. ಗಂಡು. ಕುತ್ತಿಗೆ ದಪ್ಪವಾಗಿತ್ತು. ಅವನು ಉಸಿರು ಬಿಗಿಹಿಡಿದು ಎಣಿಸಿದ. ಬಲಗಡೆ ಹುಬ್ಬು, ಅದನ್ನು ಬಿಡು. ಆಮೇಲೆ ಒಂದು ಉದ್ದನೆಯದು. ಆಮೇಲೆ ತುದಿ. ಎರಡು. ತಲೆ ಎತ್ತಿತು, ನಡುವೆ ಇನ್ನೊಂದು. ಮೂರು. ಹಿಂದೆ ಒಂದು ಗಿಡದ ಕಡ್ಡಿಗಳಿದ್ದವು. ಯಾವುದು ಕಡ್ಡಿ, ಯಾವುದು ಕೊಂಬು? ಜಿಂಕೆ ಕದಲಿದರೆ ಗೊತ್ತಾಗುತ್ತದೆ, ಕದಲುವ ತನಕ ಕಾಯಬೇಕು. ಕಾದರೆ ಅದು ಕೊರಕಲಿಗೆ ಇಳಿಯುತ್ತದೆ, ಅಲ್ಲಿ ವೇಡ್ ಕೂತಿದ್ದಾನೆ. ಅವನು ಹೊಡೆಯುತ್ತಾನೆ, ಶುಕ್ರವಾರ ಹಾಲ್‌ನಲ್ಲಿ ಹೇಳುತ್ತಾನೆ, ಭಾವನ ಮರದ ಕೆಳಗಿಂದಲೇ ಬಂತು ಕಣ್ರೋ, ಪಾಪ ಭಾವ ಇನ್ನೂ ಎಣಿಸ್ತಾ ಕೂತಿದ್ರು. ಆ ನಗು ಎಲ್ಡನ್‌ನ ಕಿವಿಯಲ್ಲಿ ಆಗಲೇ ಕೇಳಿಸಿತು. ಮೂರು ಎಂದು ಮನಸ್ಸಿನಲ್ಲೇ ಗಟ್ಟಿಯಾಗಿ ಅಂದುಕೊಂಡ. ಹೆದೆ ಎಳೆದದ್ದೂ ಬಿಟ್ಟದ್ದೂ ಅವನಿಗೆ ಬೇರೆ ಬೇರೆಯಾಗಿ ನೆನಪಿಲ್ಲ. ಬಾಣ ಭುಜದ ಹಿಂದೆ ಹೊಕ್ಕಿತು. ಜಿಂಕೆ ಎರಡು ನೆಗೆತ ನೆಗೆದು ಇಳಿಜಾರಿನ ಪೊದೆಗಳಲ್ಲಿ ಮರೆಯಾಯಿತು. ಅದು ಹಾಗೆ ನೆಗೆಯುವಾಗ, ಹಿಂದೆ ಕಡ್ಡಿಗಳಿಲ್ಲದ ಬರಿಯ ತೆರಪಿನಲ್ಲಿ, ಅವನು ಎರಡು ಕವಲು ಕಂಡ.

ಬಾಣ ತಾಗಿದ ಮೇಲೆ ತಕ್ಷಣ ಇಳಿದು ಓಡಬಾರದು. ಜಿಂಕೆ ಮಲಗಲಿ ಎಂದು ಕೂತು ಕಾಯಬೇಕು. ಅಷ್ಟು ಹೊತ್ತೂ ಅವನು ಆ ನೆಗೆತವನ್ನೇ ಮತ್ತೆ ಮತ್ತೆ ನೋಡಿದ. ಪ್ರತಿ ಸಲವೂ ಎರಡು. ಒಂದು ಸಲ ಮೂರು ಕಂಡಂತಾಗಿ ಖುಷಿಯಾಯಿತು, ಆದರೆ ಆ ಖುಷಿಯನ್ನು ನಂಬಲಾಗಲಿಲ್ಲ. ಎರಡನೇ ತಪ್ಪಾದರೆ ಇನ್ನು ಜನ್ಮದಲ್ಲಿ ಬಿಲ್ಲು ಮುಟ್ಟುವಂತಿಲ್ಲ ಎಂದು ಅವನ ಲೆಕ್ಕ. ತಪ್ಪಿ ಹೊಡೆದೆ ಎಂದು ತಾನಾಗಿಯೇ ಹೇಳಿಕೊಂಡವನಿಗೆ ಜಿಂಕೆ ಹೋಗುತ್ತದೆ, ಲೈಸೆನ್ಸ್ ಉಳಿಯುತ್ತದೆ, ಅದೂ ಗೊತ್ತಿತ್ತು. ಆಚೆ ವರ್ಷವೂ ಗೊತ್ತಿತ್ತು. ಆದರೆ ತಾನಾಗಿ ಫೋನ್ ಮಾಡಿ, ಹುಬ್ಬು ಮಾತಾಡ್ತಿದೀನಿ, ಮತ್ತೆ ಲೆಕ್ಕ ತಪ್ಪಿತು ಅನ್ನುವುದೇ? ಅದಕ್ಕಿಂತ ಜಿಂಕೆಯನ್ನು ಎಲೆ ಮುಚ್ಚಿ ಬಿಟ್ಟು ನಡೆದುಬಿಟ್ಟರೆ ನರಿಗಳು ನೋಡಿಕೊಳ್ಳುತ್ತವೆ. ಹಾವೂ ಸಾಯದು, ಕೋಲೂ ಮುರಿಯದು. ವೇಡ್ ಒಬ್ಬ ಇಲ್ಲದಿದ್ದರೆ.

ಇಳಿದು ಜಾಡು ಹಿಡಿದ. ಮೇಪಲ್ ಎಲೆಗಳ ಮೇಲೆ ತಾವಾಗಿಯೇ ಕೆಂಪು ಚುಕ್ಕೆಗಳಿರುತ್ತವೆ. ರಕ್ತವೋ ಚುಕ್ಕೆಯೋ ತಿಳಿಯಲು ಬೆರಳು ಒದ್ದೆ ಮಾಡಿ ಉಜ್ಜಬೇಕು, ಹರಡಿದರೆ ರಕ್ತ. ಅವನು ಎಲೆಯಿಂದ ಎಲೆಗೆ ಬಗ್ಗಿ, ಎಂಜಲು ಹಚ್ಚಿ ಉಜ್ಜುತ್ತ ಹೋದ. ಒಂದು ಸುಳ್ಳು, ಒಂದು ನಿಜ, ಎರಡು ಸುಳ್ಳು.

"ಭಾವ, ಎಲೆಗಳಿಗೆ ಮುತ್ತು ಕೊಡ್ತಿದೀರೇನು?"

ವೇಡ್ ಒಂದು ಬಂಡೆಯ ಮೇಲೆ ಕೂತಿದ್ದ, ಬಿಲ್ಲು ತೊಡೆಯ ಮೇಲೆ. ಗಡ್ಡದಲ್ಲಿ ಬ್ರೆಡ್ಡಿನ ಚೂರು.

"ನೀನು ಇಲ್ಲೇನ್ ಮಾಡ್ತಿದೀಯ?" ಎಂದ ಎಲ್ಡನ್.

"ರಾಜ್ಯದ ಕಾಡು ಭಾವ. ನಾನೂ ತೆರಿಗೆ ಕಟ್ತೀನಿ." ವೇಡ್ ಎದ್ದು ನಿಂತ. "ಅಕ್ಕ ಫೋನ್ ಮಾಡಿದ್ಲು. ಒಬ್ರೇ ಹೋಗ್ತಾರೆ, ಮರದಿಂದ ಬಿದ್ದುಗಿದ್ದಾರು, ಸುತ್ತಮುತ್ತ ಇರು ಅಂದ್ಲು."

"ಮರದಿಂದ ಬೀಳೋಕೆ ನಾನೇನ್ ಮುದುಕನಾ?"

"ಅದನ್ನ ಅಕ್ಕನ್ನ ಕೇಳಿ. ನಾನು ಹೇಳಿದ್ದು ಕೇಳೋ ತಮ್ಮ ಅಷ್ಟೆ." ನಕ್ಕು, ಗದ್ದದಿಂದ ಪೊದೆಯ ಕಡೆ ತೋರಿಸಿದ. "ಅಲ್ಲಿ ಬಿದ್ದಿದೆ. ನಾನು ಹತ್ರ ಹೋಗಿಲ್ಲ."

ಏಕೆ ಹೋಗಿಲ್ಲ? ಕಂಡ ಜಿಂಕೆಯ ಹತ್ತಿರ ಹೋಗದ ಬೇಟೆಗಾರ ಈ ಸೀಮೆಯಲ್ಲಿ ಹುಟ್ಟಿಲ್ಲ. ಎಲ್ಡನ್ ಮುಂದೆ ನಡೆದ, ವೇಡ್ ಹಿಂದೆ ಬಂದ, ತುಸು ದೂರ ಬಿಟ್ಟುಕೊಂಡು. ಜಿಂಕೆ ಮಗ್ಗುಲಾಗಿ ಬಿದ್ದಿತ್ತು. ಕಣ್ಣು ತೆರೆದೇ ಇತ್ತು. ಎಡಗಡೆ ಹುಬ್ಬು, ಒಂದು ಕವಲು, ತುದಿ. ಬಲಗಡೆ ನೆಲಕ್ಕೆ ಒತ್ತಿಕೊಂಡಿತ್ತು. ಎಲ್ಡನ್ ಮಂಡಿಯೂರಿ ತಲೆಯನ್ನು ಎತ್ತಿ ಹೊರಳಿಸಿದ. ಹುಬ್ಬು. ಉದ್ದನೆಯ ಕವಲು. ತುದಿ. ಎರಡರ ನಡುವೆ, ಕೊಂಬಿನ ಮೇಲೆ, ಹಲ್ಲು ಮೂಡುವ ಮಗುವಿನ ವಸಡಿನ ಹಾಗೆ ಒಂದು ಉಬ್ಬು.

"ಎಣಿಸು," ಎಂದ ಎಲ್ಡನ್.

"ನೀವು ಹೊಡೆದದ್ದು, ನೀವೇ ಎಣಿಸಿ ಭಾವ."

"ನಿಂಗೆ ಕಣ್ಣಿಲ್ವಾ?"

"ಕಣ್ಣಿದೆ. ಹೋದ ಸಲ ಕಣ್ಣು ಬಿಟ್ಟು ನೋಡಿದ್ದಕ್ಕೇ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ ನೀವು."

ಇದನ್ನು ಅವನು ಇಷ್ಟು ಸಲೀಸಾಗಿ ಹೇಳಿದ್ದೇ ಎಲ್ಡನ್‌ಗೆ ಮೋಸವಾಗಿ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಮೊದಲೇ ಇಬ್ಬರಿದ್ದರು ಅಲ್ಲಿ, ಯಾರು ಮೊದಲು ಮುಟ್ಟಿಕೊಂಡರು ಎಂಬುದಷ್ಟೇ ಪ್ರಶ್ನೆ. ಅವನು ಎಡಗೈ ಬೆರಳಿನ ಉಂಗುರ ತಿರುಗಿಸಿದ. ಬರಲಿಲ್ಲ. ಬಾಯಿಗಿಟ್ಟು ಎಂಜಲು ಮಾಡಿ, ಹಲ್ಲಿನಲ್ಲಿ ಕಚ್ಚಿ ಎಳೆದ. ಗಂಟು ದಾಟುವಾಗ ಚರ್ಮ ಸುಲಿಯಿತು. ಅಗಲ ಪಟ್ಟಿಯ, ದಪ್ಪನೆಯ ಗಂಡಸಿನ ಉಂಗುರ. ಅದನ್ನು ಆ ಉಬ್ಬಿನ ಮೇಲೆ ತೂಗುಹಾಕಿ ಕೈ ಬಿಟ್ಟ. ಜಾರಿತು. ಮತ್ತೆ ಇಟ್ಟ. ಈ ಸಲ ಜಾರಿ, ಕೊಂಬಿಗೆ ಬಡಿದು, ಎಲೆಗಳೊಳಗೆ ಬಿತ್ತು.

ಇಬ್ಬರೂ ಮಂಡಿಯೂರಿ ಎಲೆಗಳನ್ನು ಕೆದಕತೊಡಗಿದರು. ಕೆಂಪು ಎಲೆ, ಅದರ ಕೆಳಗೆ ಕಪ್ಪು ಎಲೆ, ಅದರ ಕೆಳಗೆ ಹೋದ ವರ್ಷದ ಎಲೆ. ಆಚೆ ವರ್ಷ ಗ್ಯಾರೇಜಿನ ಸಿಮೆಂಟು ನೆಲದ ಮೇಲೂ ಇದೇ ಉಂಗುರ ಹೀಗೇ ಜಾರಿ, ಠಣ್ಣೆಂದು ಬಿದ್ದು ಉರುಳಿತ್ತು. ಅಳತೆಯ ಉಪಕರಣ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು, ಕಾರ್ಖಾನೆಯದಕ್ಕಿಂತ ಒಳ್ಳೆಯದು, ಅದರ ಕಡೆ ಅವನು ತಿರುಗಲಿಲ್ಲ. ಅಡಿಗೆಮನೆಗೆ ಹೋಗಿದ್ದ. ಲೊರೇನ್ ಎಲೆಕೋಸು ಹೆಚ್ಚುತ್ತಿದ್ದಳು. ನಿನ್ನ ಉಂಗುರ ಕೊಡು ಅಂದ. ಯಾಕೆ, ಇನ್ನೊಬ್ಬಳು ಸಿಕ್ಕಳಾ ಎಂದು ಅವಳು ನಗುತ್ತಾ ಕೈ ಒರೆಸಿಕೊಂಡು ಬಿಚ್ಚಿ ಕೊಟ್ಟಳು. ತಂತಿಯ ಹಾಗೆ ತೆಳುವಾದ ಉಂಗುರ. ಅದು ನಿಂತಿತು. ತೆಳುವಾದದ್ದು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಅವನು ಅವಳನ್ನು ಕರೆದು ತೋರಿಸಿದ, ನೋಡು ಮೂರು ಎಂದ. ಅವಳು ನೋಡಿದಳು. ಜಿಂಕೆಯನ್ನಲ್ಲ, ಅವನನ್ನು. ನಗು ಮುಖದಲ್ಲಿ ಹಾಗೇ ಇತ್ತು, ಯಾರೋ ದೀಪ ಆರಿಸಲು ಮರೆತ ಕೋಣೆಯ ಹಾಗೆ. ಆ ರಾತ್ರಿ ಅವಳು ಸಿಂಕಿನಲ್ಲಿ ಉಂಗುರವನ್ನು ಬಹಳ ಹೊತ್ತು ತೊಳೆದಳು. ರಕ್ತ ಅಂಟಿರಬೇಕು ಎಂದು ಅವನು ಅಂದುಕೊಂಡಿದ್ದ.

"ಸಿಕ್ತು," ಎಂದ ವೇಡ್. ಅಂಗೈಯಲ್ಲಿ ಉಂಗುರವಿಟ್ಟುಕೊಂಡು ಚಾಚಿದವನು, ಎಲ್ಡನ್ ತೆಗೆದುಕೊಳ್ಳುವ ಮೊದಲೇ, ಮೆಲ್ಲಗೆ ಹೇಳಿದ, "ಅಕ್ಕನದು ಬೇಕಿತ್ತೇನೋ."

ಎಲ್ಡನ್ ಅದನ್ನು ಕಸಿದುಕೊಂಡ. ಲೊರೇನಳ ಉಂಗುರದ ವಿಷಯ ಅವನು ಯಾರಿಗೂ ಹೇಳಿರಲಿಲ್ಲ.

"ಆಚೆ ವರ್ಷ ವಾರ್ಡನ್‌ಗೆ ಹೇಳಿದ್ದು ನೀನೇ ತಾನೆ? ಈಗಲಾದ್ರೂ ಬೊಗಳು."

"ನಾನಲ್ಲ."

"ನಿನ್ನ ಬಿಟ್ರೆ ಇನ್ನ್ಯಾರು ನೋಡಿದ್ರು ಅದನ್ನ?"

ವೇಡ್ ಟೋಪಿ ತೆಗೆದು, ಒಳಗೇನೋ ಬಿದ್ದಿದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡ. "ನಾನು ಏನೂ ಹೇಳಲ್ಲ ಭಾವ. ಇವತ್ತು ಇಲ್ಲಿಗೆ ಬಂದೇ ಇಲ್ಲ ಅಂದ್ಕೊಳ್ಳಿ. ಎಲೆ ಮುಚ್ತೀರಾ ಮುಚ್ಚಿ, ಎಳ್ಕೊಂಡ್ ಹೋಗ್ತೀರಾ ಒಂದು ಕಾಲು ನಾನು ಹಿಡೀತೀನಿ. ಆದ್ರೆ ಮೊದಲು ಮನೆಗೊಂದು ಫೋನ್ ಮಾಡಿ."

ಗುಡ್ಡದ ನೆತ್ತಿಯ ಕಡೆ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು. ಎಲ್ಡನ್ ಹತ್ತಿದ. ಹಿಂತಿರುಗಿ ನೋಡಿದಾಗ ವೇಡ್ ಜಿಂಕೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದರ ಕಣ್ಣಿನ ಮೇಲೆ ಬಿದ್ದಿದ್ದ ಎಲೆಯನ್ನು ತೆಗೆಯುತ್ತಿದ್ದ. ಎರಡು ವರ್ಷ ಈ ಮನುಷ್ಯನ ಸಿಳ್ಳೆಗೆ, ಮೌನಕ್ಕೆ, ಗಡ್ಡಕ್ಕೆ ಕೂಡ ಅರ್ಥ ಹಚ್ಚಿದ್ದೆನಲ್ಲ ಎಂದು ಎಲ್ಡನ್‌ಗೆ ಅವನ ಮೇಲೆಯೇ ಸಿಟ್ಟು ಬಂತು, ತನ್ನ ಮೇಲೆ ಬರಬೇಕಾದದ್ದು. ಮನೆಯ ನಂಬರ್ ಒತ್ತಿದ. ಲೊರೇನ್ ತಕ್ಷಣ ಎತ್ತಿದಳು, ಫೋನಿನ ಪಕ್ಕದಲ್ಲೇ ಕೂತಿದ್ದವಳ ಹಾಗೆ.

"ಬಿದ್ದೆಯಾ?"

"ಇಲ್ಲ. ಹೊಡೆದೆ. ಗಂಡು." ಮೂರು ಎಂಬ ಪದ ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು, ಅಭ್ಯಾಸಬಲದಿಂದ. "ಮೇಲಿಂದ ನೋಡಿದಾಗ... ಎರಡೇ, ಲೊರೇನ್. ನನ್ನ ಉಂಗುರ ನಿಲ್ಲಲಿಲ್ಲ."

ಅವಳ ಹಿಂದೆ ರೇಡಿಯೋದಲ್ಲಿ ಯಾರೋ ಪೋಲ್ಕಾ ಕುಣಿತದ ಸಂಗೀತ ನುಡಿಸುತ್ತಿದ್ದರು. ಅವಳು ಅದನ್ನು ಆರಿಸಿದ್ದು ಅವನಿಗೆ ಕೇಳಿಸಿತು.

"ಆಚೆ ವರ್ಷ ನೀನೇನಾ?" ಎಂದು ಕೇಳಿದ.

"ಹೂಂ. ನಾನೇ." ಅವಳ ದನಿಯಲ್ಲಿ ನಡುಕವಿರಲಿಲ್ಲ. ಈ ಉತ್ತರವನ್ನು ಅವಳು ಬಹಳ ದಿನದಿಂದ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು. "ನೀನು ಕೇಳ್ತೀಯ, ಕೇಳ್ತೀಯ ಅಂತ ಕಾದೆ. ನೀನು ವೇಡನ ಮೇಲೆ ಹಾಕಿದೆ, ಪಕ್ಕದ ಮನೆಯವರ ಮೇಲೆ ಹಾಕಿದೆ, ನನ್ನ ಮಾತ್ರ ಕೇಳಲಿಲ್ಲ. ನನ್ನ ಬೆರಳಿಗೆ ಹಾಕಿದ ಉಂಗುರ ಅದು ಎಲ್ಡನ್. ನೀನು ಅದರ ಕೈಲಿ ಸುಳ್ಳು ಹೇಳಿಸಿದೆ. ಅದನ್ನ ಮತ್ತೆ ಹ್ಯಾಗೆ ಹಾಕ್ಕೊಳ್ಳಲಿ?"

ಚರ್ಚಿನ ಎದುರು ಗಾಡಿಯಲ್ಲಿ ಕೂತಿದ್ದ ಗುರುವಾರ ಅವನಿಗೆ ನೆನಪಾಗಿ, ಯಾರೂ ಇಲ್ಲದ ಆ ನೆತ್ತಿಯ ಮೇಲೆ ಮುಖ ಬಿಸಿಯಾಯಿತು. ಬೆರಳಿನ ಸುಲಿದ ಜಾಗ ಉರಿಯುತ್ತಿತ್ತು. ಕೆಳಗೆ ವೇಡ್ ಸಿಳ್ಳೆ ಹಾಕುತ್ತಿದ್ದ, ಯಾವ ಅರ್ಥವೂ ಇಲ್ಲದ ಸಿಳ್ಳೆ.

"ವಾರ್ಡನ್‌ಗೆ ನಾನೇ ಹೇಳ್ತೀನಿ," ಎಂದ. "ಆದ್ರೆ ನಂಬರ್ ಇಲ್ಲ ನನ್ನ ಹತ್ರ."

"ನನ್ನ ಹತ್ರ ಇದೆ," ಎಂದಳು ಲೊರೇನ್. ಹುಡುಕಲು ಹೋಗಲಿಲ್ಲ, ಕಾಗದ ಸರಿದ ಸದ್ದಾಗಲಿಲ್ಲ. ಅಂಕೆಗಳನ್ನು ಒಂದೊಂದಾಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದಳು. "ಎಲ್ಲಿ, ಹೇಳು ನೋಡೋಣ."

ಅವನು ಹೇಳಿದ. ಕೊನೆಯವರೆಗೂ ಹೇಳಿದ.

"ತಪ್ಪು," ಎಂದಳು ಅವಳು. "ಕೊನೆಯದು ಮೂರಲ್ಲ. ಎರಡು."